ಗುಡ್ಡದ ಫ್ಯಾನು ಮೋಡ ಓಡಿಸುತ್ತಾ? ಮಳೆಯ ಸುಳ್ಳುಗಳಿಗೆ ಉತ್ತರ ಕೊಡೋ ಮುಂಚೆ

ಕಳೆದ ವಾರ ತೆಂಗಿನ ಬುಡಕ್ಕೆ ಸಿಪ್ಪೆ ಹೊದಿಕೆ ಹಾಕೋದರ ಬಗ್ಗೆ ಬರೆದಿದ್ದೆ. ಈ ವಾರ ಗೊಬ್ಬರ, ಕೀಟ, ರೋಗ ಯಾವುದೂ ಇಲ್ಲ. ಮಳೆ ಬಗ್ಗೆ ನಮ್ಮ ಫೋನುಗಳಲ್ಲಿ ಓಡಾಡೋ ಮಾತಿನ ಬಗ್ಗೆ ಬರೀತಿದೀನಿ. ಇದೂ ಬೇಸಾಯದ ವಿಷಯವೇ. ಯಾಕೆ ಅಂತ ಮುಂದೆ ಹೇಳ್ತೀನಿ, ಅದರಲ್ಲಿ ನನ್ನದೊಂದು ತಪ್ಪೂ ಇದೆ.

ನಮ್ಮದು ಹೊಸದುರ್ಗ ತಾಲ್ಲೂಕು. ಸುತ್ತಮುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಊರಲ್ಲಿ ಯಾರೂ ಅವನ್ನ ಗಾಳಿಯಂತ್ರ ಅನ್ನೋದಿಲ್ಲ, ಫ್ಯಾನು ಅಂತಾರೆ. ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ನಿಂತಿದ್ದಾಗ ದೊಡ್ಡಪ್ಪ ಫೋನು ಹಿಡಿದು ಬಂದರು. "ಅಲ್ಲ ಕಣಮ್ಮ, ನೀನು ಓದಿದೋಳು. ಈ ಫ್ಯಾನುಗಳು ಮೋಡನೆಲ್ಲ ಆ ಕಡೆಗೆ ತಳ್ಳಿಬಿಡ್ತವಂತಲ್ಲ, ಅದಕ್ಕೇ ನಮಗೆ ಮಳೆ ಇಲ್ವಂತೆ. ನಿಜನಾ?"

ಹಿಂದೆ ಆಗಿದ್ದರೆ ನಾನು ನಕ್ಕುಬಿಡ್ತಿದ್ದೆ. "ಅಯ್ಯೋ ದೊಡ್ಡಪ್ಪ, ಇದನ್ನೆಲ್ಲ ನಂಬ್ತೀರಾ?" ಅಂತ. ಪದವಿ ಮುಗಿಸಿ ಊರಿಗೆ ಬಂದ ಮೊದಲ ಎರಡು ಮೂರು ವರ್ಷ ಹಾಗೇ ಮಾಡಿದೆ. ನಕ್ಕರೆ ಎದುರಿಗಿದ್ದವರು ಸುಮ್ಮನಾಗ್ತಾರೆ, ಆದರೆ ಅಭಿಪ್ರಾಯ ಬದಲಾಗಲ್ಲ. ಮುಂದಿನ ಸಲ ನಮ್ಮ ಮುಂದೆ ಆ ಮಾತು ಎತ್ತಲ್ಲ, ಅಷ್ಟೇ.

ಮೊದಲು ವಿಷಯ ನೋಡೋಣ. ಮನೆಯ ಫ್ಯಾನು ಕರೆಂಟು ತಗೊಂಡು ಗಾಳಿ ಕೊಡುತ್ತೆ. ಗುಡ್ಡದ ಫ್ಯಾನು ಅದರ ಉಲ್ಟಾ: ಗಾಳಿ ತಗೊಂಡು ಕರೆಂಟು ಕೊಡುತ್ತೆ. ರೆಕ್ಕೆ ಗಾಳಿಯನ್ನ ಹುಟ್ಟಿಸಲ್ಲ, ಬೀಸೋ ಗಾಳಿಯೇ ರೆಕ್ಕೆಯನ್ನ ತಿರುಗಿಸೋದು. ಹಳೇ ಯಂತ್ರಗಳ ಕಂಬ 50ರಿಂದ 80 ಮೀಟರ್ ಎತ್ತರ, ಹೊಸವು 100 ಮೀಟರ್ ದಾಟುತ್ತವೆ. ಮಳೆ ಸುರಿಸೋ ಮೋಡ ಕಿಲೋಮೀಟರುಗಟ್ಟಲೆ ದಪ್ಪ ಇರುತ್ತೆ, ಗುಡುಗಿನ ಮೋಡವಂತೂ 10 ಕಿ.ಮೀ. ದಾಟಿ ಮೇಲೆ ಬೆಳೆಯುತ್ತೆ. ಆ ಮೋಡದ ತೇವ ಅರಬ್ಬಿ ಸಮುದ್ರದಿಂದ ನೂರಾರು ಕಿಲೋಮೀಟರ್ ಹಾದು ಬಂದಿರುತ್ತೆ. ಯಂತ್ರದ ಹತ್ತಿರದಲ್ಲೇ ನೆಲದ ಮಟ್ಟದ ಗಾಳಿ ಸ್ವಲ್ಪ ಕಲಸಿ, ರಾತ್ರಿಯ ಉಷ್ಣಾಂಶದಲ್ಲಿ ಚೂರು ವ್ಯತ್ಯಾಸ ಆಗುತ್ತೆ ಅನ್ನೋದನ್ನ ಅಧ್ಯಯನಗಳು ತೋರಿಸಿವೆ. ಅದನ್ನ ಮುಚ್ಚಿಡಬೇಕಿಲ್ಲ. ಆದರೆ ಅದು ಮೋಡ ಓಡಿಸುವ ಕೆಲಸ ಅಲ್ಲ.

ನಮ್ಮ ಕಡೆ ಮಳೆ ಕಡಿಮೆ ಇರೋದಕ್ಕೆ ಕಾರಣ ಫ್ಯಾನು ಬರೋದಕ್ಕಿಂತ ಬಹಳ ಮುಂಚಿನದು. ಘಟ್ಟ ಅಡ್ಡ ನಿಂತು ಮೋಡದ ನೀರನ್ನೆಲ್ಲ ಆ ಕಡೆಗೇ ಇಳಿಸಿಕೊಳ್ಳುತ್ತೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ. ಅಲ್ಲಿಂದ ನೇರಕ್ಕೆ ಅಳೆದರೆ ನೂರೈವತ್ತು ಕಿಲೋಮೀಟರ್ ಒಳಗೇ ಇರೋ ನಮಗೆ 600 ಮಿ.ಮೀ. ಆಸುಪಾಸು. ನಾವು ಮಳೆ ನೆರಳಿನ ಜನ.

ಇದನ್ನೆಲ್ಲ ಹೇಳಿದರೂ ದೊಡ್ಡಪ್ಪನ ಮುಖ ಹಾಗೇ ಇತ್ತು. ಕೊನೆಗೆ ಕೆಲಸಕ್ಕೆ ಬಂದಿದ್ದು ಒಂದೇ ಪ್ರಶ್ನೆ: "ದೊಡ್ಡಪ್ಪ, 2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, ಆವಾಗ ಫ್ಯಾನು ನಿಲ್ಲಿಸಿದ್ರಾ?" ಅವರು ಸ್ವಲ್ಪ ಹೊತ್ತು ಕ್ಯಾನಿನ ಮುಚ್ಚಳ ತಿರುಗಿಸ್ತಾ ನಿಂತರು. "ಇಲ್ಲ, ತಿರುಗ್ತಾನೇ ಇತ್ತು" ಅಂದರು. ನಾವೂ ಟ್ರ್ಯಾಕ್ಟರಿನಲ್ಲಿ ಆ ಕೋಡಿ ನೋಡೋಕೆ ಹೋಗಿದ್ದೆವು, ಇಡೀ ಜಿಲ್ಲೆಯೇ ಹೋಗಿತ್ತು. ತಾವು ಕಣ್ಣಾರೆ ಕಂಡಿದ್ದನ್ನ ನೆನಪು ಮಾಡಿಸಿದರೆ ಮಾತು ಇಳಿಯುತ್ತೆ. ನನ್ನ ಮೋಡದ ಪಾಠಕ್ಕಿಂತ ಅದು ಮೇಲು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು. ಫ್ಯಾನಿನ ಮೇಲಿನ ಸಿಟ್ಟಿಗೆ ಮಳೆಯೊಂದೇ ಕಾರಣ ಅಲ್ಲ. ಗುಡ್ಡದಲ್ಲಿ ದಾರಿ ಕಡಿದರು, ಕುರಿ ಮೇಯೋ ಜಾಗ ಹೋಯ್ತು, ಬಾಡಿಗೆ ದುಡ್ಡು ಕೆಲವರಿಗೆ ಬಂತು ಕೆಲವರಿಗೆ ಬರಲಿಲ್ಲ. ಈ ನೋವು ನಿಜ. ಅದನ್ನ ಕೇಳೋರು ಯಾರೂ ಇಲ್ಲದಾಗ ಮೋಡದ ಕಥೆ ಬಂದು ಅದರ ಮೇಲೆ ಕೂತಿದೆ. ಆ ನೋವನ್ನ ಕೇಳಿಸಿಕೊಳ್ಳದೆ ಮೋಡದ ಕಥೆಯನ್ನ ಮಾತ್ರ ಕೀಳೋಕೆ ಹೋದರೆ ಬೇರು ಹಾಗೇ ಉಳಿಯುತ್ತೆ, ಗರಿಕೆ ಥರ.

ಒಂದು ಪದದ ಗೋಳು

ನಮ್ಮ ಕನ್ನಡದಲ್ಲೇ ಒಂದು ತೊಡಕಿದೆ. ಎಲ್ಲ ಕಡೆ 'ಹವಾಮಾನ ಬದಲಾವಣೆ' ಅಂತ ಬರೀತಾರೆ. ಹವಾಮಾನ ಅಂದರೆ ಇವತ್ತು ಬಿಸಿಲಾ, ಮಳೆನಾ ಅನ್ನೋದು. ಅದು ದಿನಾ ಬದಲಾಗುತ್ತೆ. "ಹವಾಮಾನ ಬದಲಾಗದೆ ಇರುತ್ತೇನಮ್ಮಾ?" ಅಂತ ದೊಡ್ಡಪ್ಪ ಕೇಳಿದರೆ ಅವರದೇನೂ ತಪ್ಪಿಲ್ಲ. ಶಾಲೆಯ ಭೂಗೋಳದಲ್ಲಿ ಓದಿದ 'ವಾಯುಗುಣ' ಅನ್ನೋ ಪದ ಇದಕ್ಕೆ ಸರಿ. ಒಂದು ಸೀಮೆಯ ಹವಾಮಾನವನ್ನ ಮೂವತ್ತು ವರ್ಷ ನೋಡಿದರೆ ಕಾಣೋ ಗುಣ ಅದು. ನಾನೀಗ ಹೀಗೆ ಹೇಳ್ತೀನಿ: ಹವಾಮಾನ ಅಂದರೆ ಹಸು ಇವತ್ತು ಕೊಟ್ಟ ಹಾಲು, ವಾಯುಗುಣ ಅಂದರೆ ಹಸುವಿನ ತಳಿ. ಒಂದು ದಿನ ಹಾಲು ಜಾಸ್ತಿ ಕೊಡ್ತು ಅಂತ ತಳಿ ಬದಲಾಗಲ್ಲ.

ಇದು ಗೊತ್ತಿದ್ದರೆ ಎರಡನೇ ಮೆಸೇಜಿಗೆ ಉತ್ತರ ಸುಲಭ. ವಾಣಿವಿಲಾಸ ಸಾಗರದ ವಿಡಿಯೊ ಹಾಕಿ, "ಡ್ಯಾಂ ತುಂಬಿ ಹರೀತಿದೆ, ಎಲ್ಲಿದೆ ನಿಮ್ಮ ಗ್ಲೋಬಲ್ ವಾರ್ಮಿಂಗ್?" ಅಂತ ಕೇಳೋ ಮೆಸೇಜು ನನಗೇ ಐದಾರು ಸಲ ಬಂದಿದೆ. 1907ರಲ್ಲಿ ಮುಗಿದ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮಳೆಯ ಜೊತೆ ಭದ್ರಾ ಮೇಲ್ದಂಡೆಯ ನೀರೂ ಸೇರಿತ್ತು ಅನ್ನೋದನ್ನ ಮೆಸೇಜು ಹೇಳಲ್ಲ. ಈ ಎರಡು ಕೋಡಿಗಳ ನಡುವೆ ಏನಾಯ್ತು ಅನ್ನೋದನ್ನೂ ಹೇಳಲ್ಲ. 2023ರ ಆಗಸ್ಟ್, 1901ರಿಂದ ಲೆಕ್ಕ ಇಟ್ಟಿರೋದರಲ್ಲೇ ದೇಶದ ಅತಿ ಒಣ ಆಗಸ್ಟ್. ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆ ಆದವು. ಮಘೆ ಮಳೆ ಇಲ್ಲ, ಹುಬ್ಬೆ ಮಳೆ ಇಲ್ಲ. ನಮ್ಮ ಹೊಲದ ರಾಗಿ ಮೊಣಕಾಲುದ್ದಕ್ಕೇ ನಿಂತುಬಿಟ್ಟಿತ್ತು.

ಆ ಬರಕ್ಕೆ ಪೆಸಿಫಿಕ್ ಸಾಗರದ ಎಲ್ ನಿನೊ ಒಂದು ಕಾರಣ. ಅದು ಹಿಂದಿನಿಂದಲೂ ಬಂದು ಹೋಗೋದೇ. "ಬರ ಮೊದಲೂ ಇತ್ತು, ಧಾತು ಸಂವತ್ಸರದಲ್ಲಿ ಜನ ಸತ್ತಿರಲಿಲ್ವಾ?" ಅಂತ ಹಿರಿಯರು ಕೇಳಿದರೆ ಹೌದು ಅನ್ನಬೇಕು. 1876ರಿಂದ 78ರ ಬರದಲ್ಲಿ ಮೈಸೂರು ಸೀಮೆಯಲ್ಲೇ ಲಕ್ಷಾಂತರ ಜನ ಸತ್ತರು. ಬದಲಾಗಿರೋದು ಕೆಳಗಿನ ಮಟ್ಟ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅಂದರೆ ನೆಲದಿಂದ, ಗಿಡದಿಂದ ಜಾಸ್ತಿ ಹೀರುತ್ತೆ, ಸುರಿಸುವಾಗ ಒಂದೇ ಸಲ ಜಾಸ್ತಿ ಸುರಿಸುತ್ತೆ. ನಡುವೆ ಒಣಗೋ ದಿನಗಳು ಉದ್ದವಾಗ್ತವೆ. ಡ್ಯಾಂ ತುಂಬೋದು, ಹೊಲ ಒಣಗೋದು, ಎರಡೂ ಒಂದೇ ಕಥೆಯ ಭಾಗ ಆಗಬಹುದು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೀತಿದಾರೆ. ಆಗ ಹತ್ತು ಲಕ್ಷ ಭಾಗದಲ್ಲಿ 315 ಇತ್ತು, ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟಿದ್ದೇ ಇದಕ್ಕೆ ಮುಖ್ಯ ಕಾರಣ. 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಕೈಗಾರಿಕೆಗಳು ಬರೋ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ ಇತ್ತು.

ಇನ್ನು 'ಅಫೀಲಿಯನ್' ಮೆಸೇಜು. "ನಾಳೆ ಬೆಳಗ್ಗೆಯಿಂದ ಆಗಸ್ಟ್‌ವರೆಗೆ ಭೂಮಿ ಸೂರ್ಯನಿಂದ ಬಹಳ ದೂರ ಹೋಗುತ್ತೆ, ಚಳಿ ಜಾಸ್ತಿ, ಜ್ವರ ಬರುತ್ತೆ" ಅಂತ ಪ್ರತಿ ವರ್ಷ ಬರುತ್ತಲ್ಲ, ಅದೇ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಸುಮಾರು 15.2 ಕೋಟಿ ಕಿ.ಮೀ. ದೂರ ಇರೋದು ನಿಜ. ಜನವರಿಯಲ್ಲಿ 14.7 ಕೋಟಿ. ವ್ಯತ್ಯಾಸ ಶೇ. 3ರಷ್ಟು. ಮೆಸೇಜಿನಲ್ಲಿ ಮಾಮೂಲಿ ದೂರ 9 ಕೋಟಿ ಕಿ.ಮೀ. ಅಂತ ಇರುತ್ತೆ, ಅಲ್ಲೇ ಇರೋದು ಸುಳ್ಳು. ಒಂದು ನಿಜದ ಪಕ್ಕ ಒಂದು ಸುಳ್ಳು ಅಂಕಿ ಇಡೋದು ಇಂಥ ಮೆಸೇಜುಗಳ ಚಾಳಿ.

ಇವನ್ನ ಹಂಚೋ ನಮ್ಮ ಜನ ಮೋಸಗಾರರಲ್ಲ. ಗೊತ್ತಿಲ್ಲದೆ ಹಂಚೋದು ಬೇರೆ, ಗೊತ್ತಿದ್ದೂ ಅನುಮಾನ ಬಿತ್ತೋದು ಬೇರೆ. ಎರಡನೆಯದಕ್ಕೆ ದಾಖಲೆ ಇರೋ ಉದಾಹರಣೆ ಅಮೆರಿಕದ ಎಕ್ಸಾನ್ ತೈಲ ಕಂಪನಿ. 1970-80ರ ದಶಕಗಳಲ್ಲಿ ಅದರ ಸ್ವಂತ ವಿಜ್ಞಾನಿಗಳು ಮಾಡಿದ ಬಿಸಿಯೇರಿಕೆಯ ಅಂದಾಜುಗಳು ಬಹುಪಾಲು ಸರಿಯಾಗಿಯೇ ಇದ್ದವು ಅಂತ 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಹೊರಗಡೆ ಮಾತ್ರ ಕಂಪನಿ ವರ್ಷಗಟ್ಟಲೆ 'ಇನ್ನೂ ಖಚಿತ ಇಲ್ಲ' ಅನ್ನೋ ರಾಗ ಹಾಡ್ತಾ ಬಂತು.

ನಾನು ಮಾಡಿದ ತಪ್ಪು

ಸುಳ್ಳು ಮೆಸೇಜುಗಳ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಅಂದರೆ, 2024ರ ಬೇಸಿಗೆಯಲ್ಲಿ ಪಕ್ಕದ ಊರಿನ ಹುಡುಗರು ಸಮುದಾಯ ಭವನಕ್ಕೆ ಮಾತಾಡೋಕೆ ಕರೆದಾಗ ಪ್ರೊಜೆಕ್ಟರು ಹಿಡ್ಕೊಂಡು ಹೋದೆ. ಒಂದೂವರೆ ತಾಸು ಬರೀ ಮೇಲಕ್ಕೆ ಏರೋ ಗೆರೆಗಳು, ಒಣಗಿದ ತೋಟಗಳು, ಕರಗೋ ಹಿಮ. ಎಲ್ಲವೂ ನಿಜ, ಒಂದಂಕಿಯೂ ಸುಳ್ಳಲ್ಲ. ಜನ ಗರ ಬಡಿದವರ ಹಾಗೆ ಕೂತಿದ್ದರು. ನಾನು ಚೆನ್ನಾಗಿ ಮಾತಾಡಿದೆ ಅಂದುಕೊಂಡು ಬಂದೆ.

ಆ ಸಭೆಯಲ್ಲಿ ನನ್ನ ವಯಸ್ಸಿನವರೇ ಒಬ್ಬ ರೈತರಿದ್ದರು. ನಾಲ್ಕು ಎಕರೆ, ಒಂದು ಭಾಗ ತೆಂಗು, ಉಳಿದದ್ದು ರಾಗಿ, ಸಾವೆ. ಆ ಬೇಸಿಗೆ ಕೃಷಿಹೊಂಡ ತೆಗೆಸೋಕೆ ಜಾಗ ಗುರುತು ಹಾಕಿಸಿಕೊಂಡಿದ್ದರು. ಹೊಂಡ ಬಿಟ್ಟರು. ಸಾಲ ಮಾಡಿ ಬೋರ್‌ವೆಲ್ ಕೊರೆಸಿದರು, 880 ಅಡಿ. ಬರೀ ಧೂಳು. ಸುಮಾರು ಎರಡೂವರೆ ಲಕ್ಷ ಹೋಯ್ತು. ಆಮೇಲೆ ಸಿಕ್ಕಾಗ ಕೇಳಿದೆ, ಯಾಕೆ ಹೀಗೆ ಮಾಡಿದ್ರಿ ಅಂತ. "ಅಕ್ಕಾ, ನೀವೇ ಹೇಳಿದ್ರಲ್ಲ, ಇನ್ನು ಮಳೆನೇ ನೆಟ್ಟಗೆ ಬರಲ್ಲ ಅಂತ. ಮಳೆ ಬರದೆ ಹೊಂಡಕ್ಕೆ ಏನು ತುಂಬಿಸ್ಲಿ? ಇರೋವಷ್ಟು ದಿನ ಒಳಗಿನ ನೀರು ತೆಗೆದುಬಿಡೋಣ ಅನ್ನಿಸ್ತು."

ನಾನು ಹಾಗೆ ಹೇಳಿರಲಿಲ್ಲ. ಆದರೆ ಅವರು ಕೇಳಿಸಿಕೊಂಡಿದ್ದು ಹಾಗೆ, ನಾನು ಕೇಳಿಸಿದ್ದೂ ಹಾಗೇ. ಏನೂ ಆಗ್ತಿಲ್ಲ ಅನ್ನೋ ಸುಳ್ಳು ಹೊಂಡ ತೆಗೆಸಲ್ಲ. ಎಲ್ಲ ಮುಗೀತು ಅನ್ನೋ ಮಾತೂ ಹೊಂಡ ತೆಗೆಸಲ್ಲ. ಹೊಲದಲ್ಲಿ ನಿಂತು ನೋಡಿದರೆ ಎರಡರ ಫಲವೂ ಒಂದೇ. 'ಎಲ್ಲ ಮುಗೀತು' ಅನ್ನೋದು ನಿಜವೂ ಅಲ್ಲ.

ನಿಜ ಏನು? 2015ರ ಪ್ಯಾರಿಸ್ ಒಪ್ಪಂದಕ್ಕೆ ಮುಂಚೆ, ಹೀಗೇ ಸಾಗಿದರೆ ಈ ಶತಮಾನದ ಕೊನೆಗೆ ಸುಮಾರು 4 ಡಿಗ್ರಿ ಬಿಸಿಯೇರುತ್ತೆ ಅನ್ನೋ ಲೆಕ್ಕ ಇತ್ತು. ಈಗಿನ ನೀತಿಗಳ ಲೆಕ್ಕದಲ್ಲಿ ಅದು 3 ಡಿಗ್ರಿಗಿಂತ ಸ್ವಲ್ಪ ಕೆಳಗೆ ಬಂದಿದೆ. ಖುಷಿಪಡೋ ಅಂಕಿ ಅಲ್ಲ ಇದು, 3 ಡಿಗ್ರಿ ನಮ್ಮಂಥ ಒಣಸೀಮೆಗೆ ಬಹಳ ಕಷ್ಟ. ಆದರೆ ಗೆರೆ ಬಗ್ಗಿದೆ, ಮನುಷ್ಯರೇ ಬಗ್ಗಿಸಿದ್ದು. ಓಝೋನ್ ಪದರದ ತೂತು ನೆನಪಿದೆಯಾ? ನಾವು ಶಾಲೆಯಲ್ಲಿದ್ದಾಗ ಪ್ರಬಂಧ ಬರೆಸೋರು. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಆ ಅನಿಲಗಳನ್ನ ಬಿಡ್ತಾ ಬಂದರು, ಪದರ ಈಗ ನಿಧಾನಕ್ಕೆ ವಾಸಿಯಾಗ್ತಿದೆ. ನಮ್ಮ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು 2025ರಲ್ಲೇ ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲಗಳಿಂದ ಅನ್ನೋ ಮಟ್ಟಕ್ಕೆ ಬಂತು. ಆ ಗುರಿ ಇದ್ದಿದ್ದು 2030ಕ್ಕೆ. ಸಾಮರ್ಥ್ಯ ಬೇರೆ, ದಿನಾ ಬರೋ ಕರೆಂಟು ಬೇರೆ. ಕರೆಂಟಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಎರಡನ್ನೂ ಹೇಳಬೇಕು. ದೊಡ್ಡಪ್ಪನಿಗೆ ಇದನ್ನ ಹೇಳಿದಾಗ ಅವರಿಗೆ ತಮಾಷೆ ಅನ್ನಿಸಿದ್ದು ಒಂದೇ: ಮಳೆ ಓಡಿಸುತ್ತೆ ಅಂತ ಬೈಸಿಕೊಳ್ಳೋ ಫ್ಯಾನೇ ಬಿಸಿ ತಗ್ಗಿಸೋ ಕೆಲಸದಲ್ಲಿದೆ ಅನ್ನೋದು.

ದೂರದ ಅಂಕಿ ಎಷ್ಟು ಹೇಳಿದರೂ, ನಾಳೆ ಬೆಳಗ್ಗೆ ನಾನೇನು ಮಾಡಲಿ ಅನ್ನೋದಕ್ಕೆ ಉತ್ತರ ಬೇಕು. ಆ ಸಭೆಯಲ್ಲಿ ಹೇಳಬೇಕಿತ್ತು, ಹೇಳದೆ ಬಂದ ಲೆಕ್ಕ ಇದು. ಒಂದು ಎಕರೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. 600 ಮಿ.ಮೀ. ವರ್ಷದಲ್ಲಿ ಎಕರೆಗೆ 24 ಲಕ್ಷ ಲೀಟರ್. 2023ರಂಥ ವರ್ಷ ಅದರ ಅರ್ಧವೇ ಬಿತ್ತು ಅಂದುಕೊಂಡರೂ 12 ಲಕ್ಷ. ಮಳೆ ಪೂರ್ತಿ ಕೈಕೊಡೋ ವರ್ಷ ಬಹಳ ಅಪರೂಪ. ಕೈಕೊಡೋದು ಅದರ ಹಂಚಿಕೆ: ಒಂದು ಸಂಜೆಯಲ್ಲಿ 60 ಮಿ.ಮೀ., ಆಮೇಲೆ ಮೂರು ವಾರ ಏನೂ ಇಲ್ಲ. ಬಾಯಿ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್, ಬದಿಗೆ ಒಂದಕ್ಕೊಂದು ಇಳಿಜಾರು ಕೊಟ್ಟು ಹೊಂಡ ತೆಗೆದರೆ ಸುಮಾರು 2.5 ಲಕ್ಷ ಲೀಟರ್ ಹಿಡಿಯುತ್ತೆ. ಒಂದೆಕರೆ ರಾಗಿಗೆ 25 ಮಿ.ಮೀ. ಜೀವ ಉಳಿಸೋ ನೀರು ಕೊಡೋಕೆ 1 ಲಕ್ಷ ಲೀಟರ್ ಸಾಕು. ಆವಿಯಾಗೋದು ಬಿಟ್ಟು ಲೆಕ್ಕ ಹಾಕಿದರೂ ತೆನೆ ಕಟ್ಟೋ ಹೊತ್ತಿಗೆ ಒಂದೆಕರೆಗೆ ಎರಡು ಸಲ, ಇಲ್ಲವೇ ಎರಡೆಕರೆಗೆ ಒಂದು ಸಲ ಕೊಡಬಹುದು. ಜೌಗೋ ಮಣ್ಣಾದರೆ ತಳಕ್ಕೆ ಹಾಳೆ ಹಾಕಿಸಬೇಕು. ಕೃಷಿ ಭಾಗ್ಯದಲ್ಲಿ ಸಹಾಯಧನ ಉಂಟು, ಈ ವರ್ಷದ ನಿಯಮ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ರಾಗಿಗೆ ಹದ ತಪ್ಪಿದರೆ ಸಾವೆ ಇದ್ದೇ ಇದೆ. ತಡವಾಗಿ ಬಿತ್ತಿದರೂ ಬೇಗ ಕೈಗೆ ಬರುತ್ತೆ, ನಮ್ಮ ಹೊಸದುರ್ಗದ ಮಣ್ಣಿಗೆ ಅದು ಹೊಸದಲ್ಲ.

ನಮ್ಮ ಕಡೆಯ ಸುಳ್ಳುಗಳು

ಸಾವಯವದವರು ನಾವೇನು ಕಡಿಮೆ ಇಲ್ಲ. "ಮಣ್ಣಿನ ಸಾವಯವ ಅಂಶ ಶೇ. 1 ಏರಿಸಿದರೆ ಎಕರೆಗೆ 75 ಸಾವಿರ ಲೀಟರ್ ನೀರು ಹೆಚ್ಚಿಗೆ ಹಿಡಿಯುತ್ತೆ" ಅನ್ನೋ ಮೆಸೇಜನ್ನ ನಾನೇ ಹಂಚಿದ್ದೆ. ಜಗತ್ತಿನ ಬೇರೆ ಬೇರೆ ಮಣ್ಣುಗಳ ಅಂಕಿ ಸೇರಿಸಿ 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ, ಬೆಳೆಗೆ ಸಿಗೋ ನೀರಿನ ಹೆಚ್ಚಳ ಅದಕ್ಕಿಂತ ಬಹಳ ಕಡಿಮೆ ಅಂತ ತೋರಿಸಿದೆ. ಹೊದಿಕೆ, ಹಸಿರೆಲೆ ಗೊಬ್ಬರ ಕೆಲಸ ಮಾಡಲ್ಲ ಅಂತಲ್ಲ. ಮಣ್ಣು ಮೆತ್ತಗಾಗುತ್ತೆ, ನೀರು ಇಂಗುತ್ತೆ, ಹೊದಿಕೆ ಇದ್ದರೆ ಆರೋದು ನಿಧಾನ. ನನ್ನ ತೆಂಗಿನ ತೋಟದಲ್ಲಿ ದಿನಾ ನೋಡ್ತೀನಿ. ಆದರೆ ಎಲ್ಲರೂ ಸಾವಯವ ಮಾಡಿದರೆ ಭೂಮಿ ಬಿಸಿಯಾಗೋದೇ ನಿಲ್ಲುತ್ತೆ ಅನ್ನೋದು ಉಬ್ಬಿಸಿದ ಮಾತು. ಕಲ್ಲಿದ್ದಲು ಸುಡೋದು ನಿಲ್ಲದೆ ಅದು ನಿಲ್ಲಲ್ಲ. ನಮ್ಮ ಒಂದು ಮಾತು ಸುಳ್ಳಾದರೆ ಉಳಿದ ಹತ್ತನ್ನೂ ಜನ ಬಿಟ್ಟುಬಿಡ್ತಾರೆ.

ಈಗ ನಮ್ಮ ಊರಿನ ಗುಂಪಿನಲ್ಲಿ ಸುಳ್ಳು ಮೆಸೇಜು ಬಂದರೆ ಅದನ್ನೇ ಮತ್ತೆ ಹಾಕಿ 'ಸುಳ್ಳು' ಅಂತ ಬರೆಯೋದು ಬಿಟ್ಟಿದೀವಿ, ಹಾಗೆ ಮಾಡಿದರೆ ಆ ಸುಳ್ಳೇ ಇನ್ನೂ ನಾಲ್ಕು ಜನರ ಕಣ್ಣಿಗೆ ಬೀಳುತ್ತೆ. ಮೊದಲು ನಿಜ ಬರೀತೀವಿ, ಎಲ್ಲಿ ಸುಳ್ಳು ಸೇರಿಕೊಂಡಿದೆ ಅಂತ ಒಂದು ಸಾಲು, ಮತ್ತೆ ನಿಜ. ಹಾಕಿದವರ ಹೆಸರು ಎತ್ತಲ್ಲ. ಹಿರಿಯರಾದರೆ ಫೋನು ಮಾಡಿ ಅಥವಾ ಡೈರಿ ಹತ್ತಿರ ಸಿಕ್ಕಾಗ ಹೇಳ್ತೀವಿ, ಎಲ್ಲರ ಮುಂದೆ ತಿದ್ದಿದರೆ ಅವರು ಇನ್ನೂ ಬಿಗಿಯಾಗ್ತಾರೆ. ಮಳೆ ಮುನ್ಸೂಚನೆಗೆ ಮೇಘದೂತ್ ಆ್ಯಪ್ ಕನ್ನಡದಲ್ಲೇ ಇದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ. ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಆ ಕೇಂದ್ರದ ಮಳೆಮಾಪಕಗಳಿವೆ. ಆದರೂ ನಾವೇ ಒಂದು ಅಳತೆ ಇಟ್ಟುಕೊಂಡಿದೀವಿ. ಪ್ಲಾಸ್ಟಿಕ್ ಮಳೆಮಾಪಕ, ಗಿಡ ಮನೆ ಅಡ್ಡ ಇಲ್ಲದ ಬಯಲಲ್ಲಿ ಕಂಬಕ್ಕೆ ಕಟ್ಟಿ, ದಿನಾ ಬೆಳಗ್ಗೆ 8:30ಕ್ಕೆ ನೋಡಿ ಪುಸ್ತಕದಲ್ಲಿ ಬರೆಯೋದು. ಪಕ್ಕದಲ್ಲಿ ಯಾವ ಮಳೆ ನಕ್ಷತ್ರ ಅಂತಲೂ ಬರೀತೀವಿ, ಹಿರಿಯರಿಗೆ ಲೆಕ್ಕ ಹಿಡಿಯೋಕೆ ಅದೇ ಸಲೀಸು. ಒಂದೆರಡು ವರ್ಷಕ್ಕೆ ಏನೂ ತೀರ್ಮಾನ ಮಾಡೋಕಾಗಲ್ಲ. ಹತ್ತು ವರ್ಷ ಬರೆದರೆ ಮಾತಾಡಬಹುದು.

ಬೋರ್ ಕೊರೆಸಿ ಕಳಕೊಂಡ ಆ ರೈತರ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಸಾಲ ಇನ್ನೂ ಇದೆ, ನನ್ನ ಕ್ಷಮೆಯಿಂದ ಅದೇನೂ ತೀರಲ್ಲ. 2025ರ ಬೇಸಿಗೆಯಲ್ಲಿ ಅದೇ ಗುರುತಿನ ಜಾಗದಲ್ಲಿ ಜೆಸಿಬಿ ಹಚ್ಚಿ ಹೊಂಡ ತೆಗೆಸಿದರು, ನಾನೂ ಟೇಪು ಹಿಡಿದು ನಿಂತಿದ್ದೆ. ರಾಗಿ ತೆನೆ ಹಾಕೋ ಹೊತ್ತಲ್ಲಿ ಹದಿನೆಂಟು ದಿನ ಮಳೆ ಇರಲಿಲ್ಲ. ಒಂದು ಸಲ ಎಂಜಿನ್ ಇಟ್ಟು ಹೊಂಡದ ನೀರು ಹಾಯಿಸಿದರು. ಗುಂಪಿನ ಮಳೆಪುಸ್ತಕ ಈಗ ಅವರ ಮನೆಯಲ್ಲೇ ಇರೋದು, ಬೆಳಗ್ಗೆ ಅಂಕಿ ಹಾಕೋರೂ ಅವರೇ. ನಿನ್ನೆ 14 ಮಿ.ಮೀ. ಅಂತ ಬಂತು. ಕೆಳಗೆ ದೊಡ್ಡಪ್ಪನ ಉತ್ತರ: "ನಮ್ಮ ಹೊಲಕ್ಕೆ ಅಷ್ಟು ಬಿದ್ದಿಲ್ಲ, ಇನ್ನೊಂದು ಮಾಪಕ ತರ್ಸು." ತರಿಸಿದೀನಿ, ಈ ಭಾನುವಾರ ಕಂಬ ನೆಡಬೇಕು.